ಟರ್ಬೊ ಕಾರಿಗೆ ಹೊರಗಿನ ಇಸಿಯು: ಓದುಗರು ಕೇಳಿದ್ದು, ನಾನು ಹೇಳೋದು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಟರ್ಬೊ ಕಾರಿಂದ ಕಂಪನಿ ಇಸಿಯು (ಪೆಟ್ರೋಲ್, ಕಿಡಿ ಎರಡನ್ನೂ ನಡೆಸೋ ಇಂಜಿನ್ ಕಂಪ್ಯೂಟರ್) ತೆಗೆದು ಹೊರಗಿಂದ ತಂದ ಇಸಿಯು ಕೂರಿಸಿ ಟ್ಯೂನ್ ಮಾಡೋದು ಹೇಗೆ ಅಂತ. ಅದಕ್ಕೆ ಉಳಿದದ್ದೆಲ್ಲಾ ಮುಂದಿನ ಸಲಕ್ಕೆ ಎತ್ತಿಟ್ಟು ಇದನ್ನೇ ಹಿಡ್ಕೊಂಡಿದೀನಿ. ಪ್ರಶ್ನೆ ಓದ್ತಾ ಓದ್ತಾ ಒಂದು ವಿಷಯ ನನಗೆ ಸ್ಪಷ್ಟ ಆಯ್ತು, ಹೆಚ್ಚಿನವರು ಇಸಿಯು ಒಳಗಿನ ಟೇಬಲ್ಲಲ್ಲಿ ಯಾವ ನಂಬರ್ ಹಾಕ್ಲಿ ಅಂತ ಕೇಳ್ತಿದಾರೆ, ಆದ್ರೆ ಅವರು ಕಳಿಸಿರೋ ಲಾಗ್ (ಇಸಿಯು ದಾಖಲಿಸಿದ ಅಂಕಿ) ನೋಡಿದ್ರೆ ಇಸಿಯುಗೆ ಸೆನ್ಸರ್‌ಗಳು ಹೇಳ್ತಿರೋ ಸುದ್ದಿನೇ ಸುಳ್ಳು. ಸುಳ್ಳು ಸುದ್ದಿ ಮೇಲೆ ಎಷ್ಟು ಚೆನ್ನಾಗಿ ಲೆಕ್ಕ ಹಾಕಿದ್ರೂ ಉತ್ತರ ತಪ್ಪೇ ಬರತ್ತೆ. ಅದನ್ನ ಮನಸ್ಸಲ್ಲಿಟ್ಕೊಂಡೇ ಒಂದೊಂದಾಗಿ ಉತ್ತರ ಬರ್ದಿದೀನಿ.

ಪ್ರಶ್ನೆ: ಸರ್, ನನ್ನದು ಹಳೇ ಟರ್ಬೊ ಪೆಟ್ರೋಲ್ ಕಾರು. ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್ ಹಾಕೋ ಯೋಚನೆ ಇದೆ, ಸುಮಾರು 200 ಹಾರ್ಸ್‌ಪವರ್ ಸಾಕು ನನಗೆ. ಪಿಗ್ಗಿಬ್ಯಾಕ್ ಬಾಕ್ಸ್ ಸಾಕಾಗತ್ತಾ ಅಥವಾ ಸ್ಟ್ಯಾಂಡ್‌ಅಲೋನ್ ಇಸಿಯುನೇ ಬೇಕಾ? ಯಾವ ಕಂಪನಿದು ತಗೊಳ್ಲಿ?

ಉತ್ತರ: ಪಿಗ್ಗಿಬ್ಯಾಕ್ ಏನ್ಮಾಡತ್ತೆ ಅಂತ ಮೊದಲು ತಿಳ್ಕೊಳ್ಳಿ. ಅದು ಸೆನ್ಸರ್‌ಗೂ ಕಂಪನಿ ಇಸಿಯುಗೂ ಮಧ್ಯ ಕೂತ್ಕೊಂಡು ಸಿಗ್ನಲ್ ತಿರುಚತ್ತೆ. ದೊಡ್ಡ ಇಂಜೆಕ್ಟರ್ ಹಾಕಿದಾಗ ಪೆಟ್ರೋಲ್ ಜಾಸ್ತಿ ಹೋಗತ್ತೆ ಅಂತ ಏರ್‌ಫ್ಲೋ ಸಿಗ್ನಲ್ ಕಮ್ಮಿ ಮಾಡಿ ತೋರಿಸ್ತಾರೆ, ಇಸಿಯು ಗಾಳಿ ಕಮ್ಮಿ ಬರ್ತಿದೆ ಅಂದ್ಕೊಂಡು ಪೆಟ್ರೋಲ್ ಕಮ್ಮಿ ಮಾಡತ್ತೆ, ಇಲ್ಲೀವರೆಗೂ ಸರಿ. ಆದ್ರೆ ಅದೇ ಇಸಿಯು ಗಾಳಿ ಕಮ್ಮಿ ಅಂದ್ರೆ ಇಂಜಿನ್ ಮೇಲೆ ಲೋಡ್ ಕಮ್ಮಿ ಅಂತ ತಿಳ್ಕೊಂಡು ಇಗ್ನಿಷನ್ ಟೈಮಿಂಗನ್ನ ಮುಂದಕ್ಕೆ ತರತ್ತೆ, ಅಂದ್ರೆ ಕಿಡಿ ಬೇಗ ಹಾರಿಸತ್ತೆ. ಬೂಸ್ಟಲ್ಲಿ (ಟರ್ಬೊ ಗಾಳಿ ಒತ್ತಿ ತುಂಬಿಸ್ತಿರೋವಾಗ) ಟೈಮಿಂಗ್ ಹಿಂದೆ ಇರ್ಬೇಕಾದ ಜಾಗದಲ್ಲೇ ಮುಂದೆ ಹೋಗತ್ತೆ, ಪಿಸ್ಟನ್ ಒಡೆಯೋದು ಹೀಗೇನೇ. ಇಂಜೆಕ್ಟರ್ ಬದಲಾಯಿಸದೆ ಸ್ವಲ್ಪ ಬೂಸ್ಟ್ ಏರಿಸೋರಿಗೆ ಪಿಗ್ಗಿಬ್ಯಾಕ್ ನಡಿಯತ್ತೆ, ನಿಮ್ಮ ಕೆಲಸಕ್ಕೆ ಸ್ಟ್ಯಾಂಡ್‌ಅಲೋನೇ (ಕಂಪನಿ ಇಸಿಯು ಜಾಗದಲ್ಲಿ ತಾನೇ ಪೂರ್ತಿ ಕೆಲಸ ಮಾಡೋದು) ಸರಿ. ಹೊಸ ಕಾಲದ ಕಾರಾಗಿದ್ರೆ ಬೇರೆ ಮಾತು, ಅದ್ರಲ್ಲಿ ಗೇರ್‌ಬಾಕ್ಸ್, ಎಬಿಎಸ್, ಮೀಟರ್ ಎಲ್ಲಾ ಇಸಿಯು ಜೊತೆ ಕ್ಯಾನ್ ವೈರಲ್ಲಿ ಮಾತಾಡ್ತಾ ಇರ್ತವೆ, ಇಸಿಯು ಎತ್ತಿದ್ರೆ ಅವೆಲ್ಲಾ ಅನಾಥ ಆಗ್ತವೆ, ಅಂಥದಕ್ಕೆ ಕಂಪನಿ ಇಸಿಯುನೇ ರೀಫ್ಲ್ಯಾಶ್ (ಒಳಗಿನ ಪ್ರೋಗ್ರಾಂ ಬದಲಾವಣೆ) ಮಾಡಿಸೋದು ಮೇಲು.

ಕಂಪನಿ ವಿಷಯ ಹೇಳ್ಬೇಕಂದ್ರೆ ಮೋಟೆಕ್, ಹಾಲ್ಟೆಕ್, ಲಿಂಕ್ ಇವೆಲ್ಲಾ ರೆಡಿ ಮಾಲು, ಮೆಗಾಸ್ಕ್ವರ್ಟ್ ಮತ್ತೆ ಸ್ಪೀಡುಯಿನೋ ನೀವೇ ಬೆಸುಗೆ ಹಾಕಿ ಕಟ್ಕೊಳ್ಳಬಹುದಾದಂಥವು, ಸ್ಪೀಡುಯಿನೋ ಅಂತೂ ಆರ್ಡುಯಿನೋ ಮೆಗಾ ಬೋರ್ಡ್ ಮೇಲೇ ಓಡತ್ತೆ. ಹೆಸರು ನೋಡಿ ತಗೋಬೇಡಿ. ನಿಮ್ಮ ಕ್ರ್ಯಾಂಕ್ ವ್ಹೀಲ್‌ನ (ಇಂಜಿನ್ ಜೊತೆ ತಿರುಗೋ ಹಲ್ಲಿನ ಚಕ್ರ) ಹಲ್ಲಿನ ಪ್ಯಾಟರ್ನ್ ಓದತ್ತಾ, ನಿಮ್ಮ ಕಾಯಿಲ್‌ಗಳಿಗೆ ಸಾಕಾಗೋಷ್ಟು ಔಟ್‌ಪುಟ್ ಇದೆಯಾ, ನಾಕ್ (ಸಿಲಿಂಡರಲ್ಲಿ ಮಿಶ್ರಣ ತಾನೇ ಸಿಡಿಯೋದು) ಸೆನ್ಸರ್ ಇನ್‌ಪುಟ್ ಇದೆಯಾ, ಅದ್ರ ಸಾಫ್ಟ್‌ವೇರ್ ನಿಮಗೆ ಅರ್ಥ ಆಗತ್ತಾ, ಇಷ್ಟು ಕೇಳ್ಕೊಳ್ಳಿ. ಇಂಜೆಕ್ಟರ್ ಲೆಕ್ಕ ಹೀಗೆ: ಟರ್ಬೊ ಪೆಟ್ರೋಲ್ ಇಂಜಿನ್ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು 0.6 ಪೌಂಡ್ ಪೆಟ್ರೋಲ್ ಕುಡಿಯತ್ತೆ ಅಂತ ಹಿಡೀರಿ, 200ಕ್ಕೆ 120 ಪೌಂಡ್, ನಾಲ್ಕು ಇಂಜೆಕ್ಟರ್‌ಗೆ ಹಂಚಿದ್ರೆ ತಲಾ 30. ಇಂಜೆಕ್ಟರನ್ನ 80 ಪರ್ಸೆಂಟ್ ಮೇಲೆ ದುಡಿಸಬಾರದು, ಹಾಗಾಗಿ 37.5 ಪೌಂಡ್, ಅಂದ್ರೆ ನಿಮಿಷಕ್ಕೆ ಹೆಚ್ಚುಕಮ್ಮಿ 400 ಸಿಸಿ. ಇದಕ್ಕಿಂತ ದುಪ್ಪಟ್ಟು ಸೈಜಿಂದು ತಂದ್ರೆ ಐಡಲಲ್ಲಿ ಸಣ್ಣ ಹನಿ ಹಾಕೋಕೆ ಅದು ಒದ್ದಾಡತ್ತೆ.

ಪ್ರಶ್ನೆ: ವೈರಿಂಗ್ ಎಲ್ಲಾ ಮುಗಿಸಿದೆ ಸರ್. ಸೆಲ್ಫ್ ಹೊಡೆದ್ರೆ ಲ್ಯಾಪ್‌ಟಾಪಲ್ಲಿ ಆರ್‌ಪಿಎಂ ಒಂದ್ಸಲ ಬರತ್ತೆ ಒಂದ್ಸಲ ಇಲ್ಲ. ಹೆಂಗೋ ಸ್ಟಾರ್ಟ್ ಆದ್ರೆ 3500 ದಾಟಿದ ಮೇಲೆ ಕೆಮ್ಮತ್ತೆ, ಸಿಂಕ್ ಲಾಸ್ ಕೌಂಟರ್ (ಕ್ರ್ಯಾಂಕ್ ಎಲ್ಲಿದೆ ಅನ್ನೋ ಲೆಕ್ಕ ಇಸಿಯುಗೆ ಎಷ್ಟು ಸಲ ತಪ್ಪಿತು ಅನ್ನೋ ಎಣಿಕೆ) ಏರ್ತಾನೇ ಇರತ್ತೆ. ಇಸಿಯುನೇ ಡಿಫೆಕ್ಟ್ ಪೀಸ್ ಇರಬಹುದಾ?

ಉತ್ತರ: ಇಸಿಯು ಮೇಲೆ ಅನುಮಾನ ಕಟ್ಟಕಡೆಗೆ ಇಟ್ಕೊಳ್ಳಿ. ನೀವು ಕಳಿಸಿರೋ ಫೋಟೋದಲ್ಲಿ ಎರಡು ವೈರಿನ ಕ್ರ್ಯಾಂಕ್ ಸೆನ್ಸರ್ ಕಾಣ್ತಿದೆ, ಅದು ಹೆಚ್ಚುಕಮ್ಮಿ ವಿಆರ್ ಸೆನ್ಸರೇ. ಒಳಗೆ ಒಂದು ಮ್ಯಾಗ್ನೆಟ್, ಒಂದು ಸುರುಳಿ ತಂತಿ, ಇಷ್ಟೇ. ವ್ಹೀಲ್ ಹಲ್ಲು ಮುಂದೆ ಹಾದು ಹೋದಾಗ ತಾನೇ ವೋಲ್ಟೇಜ್ ಹುಟ್ಟಿಸತ್ತೆ. ಸೆಲ್ಫ್ ಹೊಡೆಯೋವಾಗ ಇಂಜಿನ್ ನಿಧಾನ, ಸಿಗ್ನಲ್ ಒಂದು ವೋಲ್ಟ್ ಆಸುಪಾಸು ಅಥವಾ ಅದಕ್ಕೂ ಕಮ್ಮಿ ಇರಬಹುದು, ಅದೇ ಜೋರಾಗಿ ಓಡೋವಾಗ ಹತ್ತಾರು ವೋಲ್ಟ್ ಬರತ್ತೆ. ಅದಕ್ಕೆ ಸೆಲ್ಫಲ್ಲಿ ಸಿಗ್ನಲ್ ಸಿಗದೇ ಇರೋದು ಒಂದು ರೋಗ, 3500 ಮೇಲೆ ಕೆಮ್ಮೋದು ಇನ್ನೊಂದು ರೋಗ, ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ಮೊದಲನೇದಕ್ಕೆ ಸೆನ್ಸರಿಗೂ ಹಲ್ಲಿಗೂ ಇರೋ ಗ್ಯಾಪ್ ಅಳೀರಿ, ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸಿರ್ಬೇಕು. ಆಮೇಲೆ ಸೆನ್ಸರಿನ ಎರಡು ವೈರು ಅದಲು ಬದಲು ಆಗಿದ್ಯಾ ನೋಡಿ, ಅದಲಿ ಬದಲಿ ಆದ್ರೂ ಸಿಗ್ನಲ್ ಬರತ್ತೆ, ಆದ್ರೆ ಹಲ್ಲಿಲ್ಲದ ಗ್ಯಾಪ್ (ಎಣಿಕೆಗೆ ಗುರುತಾಗಿ ವ್ಹೀಲಲ್ಲಿ ಹಲ್ಲು ಬಿಟ್ಟಿರೋ ಜಾಗ) ಹತ್ರ ಇಸಿಯು ಗಲಿಬಿಲಿ ಆಗತ್ತೆ, ಟೈಮಿಂಗ್ ಕೂಡ ಆರ್‌ಪಿಎಂ ಜೊತೆ ಜಾರತ್ತೆ.

ಎರಡನೇದು ನಾಯ್ಸ್. ನಿಮ್ಮ ಫೋಟೋದಲ್ಲಿ ಕ್ರ್ಯಾಂಕ್ ಸೆನ್ಸರ್ ವೈರು ಕಾಯಿಲ್ ವೈರಿನ ಜೊತೇನೇ ಒಂದೇ ತೋಳಲ್ಲಿ ಸುತ್ತಿಕೊಂಡು ಹೋಗಿದೆ, ಅದನ್ನ ಇವತ್ತೇ ಬಿಚ್ಚಿ. ಕ್ರ್ಯಾಂಕ್ ವೈರು ಶೀಲ್ಡ್ ಇರೋದಾಗಿರ್ಬೇಕು, ಆ ಶೀಲ್ಡನ್ನ ಇಸಿಯು ಕಡೆ ಮಾತ್ರ ಗ್ರೌಂಡ್ ಮಾಡ್ಬೇಕು, ಎರಡೂ ಕಡೆ ಕೊಟ್ರೆ ಶೀಲ್ಡಲ್ಲೇ ಕರೆಂಟ್ ಓಡಾಡೋಕೆ ಶುರು ಆಗತ್ತೆ. ಸ್ಪಾರ್ಕ್ ಪ್ಲಗ್ ರೆಸಿಸ್ಟರ್ ಇರೋ ಟೈಪಾ ಅಂತ ನೋಡಿ.

ಗ್ರೌಂಡ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ನಾನು ನೋಡಿರೋ ವಿಚಿತ್ರ ತೊಂದರೆಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಸಿಕ್ಕಿವೆ. ಎಲ್ಲಾ ಸೆನ್ಸರ್‌ಗಳ ಗ್ರೌಂಡ್ ಇಸಿಯುವಿನ ಸೆನ್ಸರ್ ಗ್ರೌಂಡ್ ಪಿನ್ನಿಗೇ ವಾಪಸ್ ಬರ್ಬೇಕು, ಹತ್ರ ಸಿಕ್ತು ಅಂತ ಕಾರಿನ ಬಾಡಿ ತಗಡಿಗೆ ಕೊಡಬಾರದು. ಇಸಿಯುವಿನ ಪವರ್ ಗ್ರೌಂಡ್‌ಗಳೆಲ್ಲಾ ಇಂಜಿನ್ ಬ್ಲಾಕಲ್ಲಿ ಒಂದೇ ಜಾಗಕ್ಕೆ ಹೋಗ್ಬೇಕು. ಆ ಜಾಗ ಹೇಗಿದೆ ಕೈಯಾರೆ ಮುಟ್ಟಿ ನೋಡಿ: ರಿಂಗ್ ಟರ್ಮಿನಲ್ ಬಿಚ್ಚಿ ತಿರುಗಿಸಿದ್ರೆ ಅಡಿಯಲ್ಲಿ ಪೈಂಟ್ ಅಂಟಿರತ್ತೆ, ಬೋಲ್ಟಿನ ದಾರದಲ್ಲಿ ಮಾತ್ರ ಕರೆಂಟ್ ಹೋಗ್ತಿರತ್ತೆ, ಮಲ್ಟಿಮೀಟರಲ್ಲಿ ಓಮ್ ನೋಡಿದ್ರೆ ಸೊನ್ನೆ ತೋರಿಸತ್ತೆ, ಯಾಕಂದ್ರೆ ಮೀಟರ್ ಹರಿಸೋ ಕರೆಂಟ್ ಚೂರೇ ಚೂರು. ಪೈಂಟ್ ಕೆರೆದು ಲೋಹ ಹೊಳೆಯೋ ಹಾಗೆ ಮಾಡಿ ಬಿಗಿ ಮಾಡಿ. ಆಮೇಲೆ ಮೀಟರನ್ನ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬ್ಯಾಟರಿ ನೆಗೆಟಿವಿಗೆ, ಇನ್ನೊಂದು ಇಸಿಯು ಗ್ರೌಂಡ್ ಪಿನ್ನಿಗೆ ಹಿಡಿದು ಯಾರಿಗಾದ್ರೂ ಸೆಲ್ಫ್ ಹೊಡಿಯೋಕೆ ಹೇಳಿ. 0.2 ವೋಲ್ಟಿಗಿಂತ ಜಾಸ್ತಿ ಬಂತು ಅಂದ್ರೆ ಅಲ್ಲಿ ಎಲ್ಲೋ ತಡೆ ಇದೆ, ಹುಡುಕಿ.

ಪ್ರಶ್ನೆ: ಲ್ಯಾಪ್‌ಟಾಪಲ್ಲೇ ಟೈಮಿಂಗ್ 14 ಡಿಗ್ರಿ ಅಂತ ತೋರಿಸ್ತಿದ್ಯಲ್ಲ, ಮತ್ತೆ ಟೈಮಿಂಗ್ ಲೈಟ್ ಯಾಕೆ ಬೇಕು? ಇಂಜಿನ್ ಸ್ಮೂತಾಗೇ ಓಡ್ತಿದೆ.

ಉತ್ತರ: ಬೇಕು. ಇವತ್ತು ಈ ಅಂಕಣದಲ್ಲಿ ನೀವು ಒಂದೇ ಒಂದು ಉತ್ತರ ಓದೋದಾದ್ರೆ ಇದನ್ನ ಓದಿ.

ಲ್ಯಾಪ್‌ಟಾಪ್ ತೋರಿಸೋ 14 ಡಿಗ್ರಿ ಇಸಿಯು ಅಂದ್ಕೊಂಡಿರೋ 14 ಡಿಗ್ರಿ. ಪಿಸ್ಟನ್ ಎಲ್ಲಿದೆ ಅಂತ ಅದಕ್ಕೆ ಕಣ್ಣಿಂದ ಕಾಣಲ್ಲ, ಹಲ್ಲಿಲ್ಲದ ಗ್ಯಾಪಿಂದ ಎಷ್ಟನೇ ಹಲ್ಲಲ್ಲಿ ಟಿಡಿಸಿ (ಪಿಸ್ಟನ್ ತುತ್ತತುದಿ ಮುಟ್ಟೋ ಜಾಗ, ಡಿಗ್ರಿ ಎಣಿಸೋದು ಅದಕ್ಕಿಂತ ಎಷ್ಟು ಮುಂಚೆ ಅಂತ) ಬರತ್ತೆ ಅಂತ ನೀವು ಟೈಪ್ ಮಾಡಿ ಹೇಳಿದ್ದನ್ನೇ ನಂಬ್ಕೊಂಡು ಕೂತಿರತ್ತೆ. 60-2 ವ್ಹೀಲಲ್ಲಿ (60 ಹಲ್ಲಿನ ಜಾಗ, ಎರಡು ಖಾಲಿ) ಒಂದು ಹಲ್ಲು ಅಂದ್ರೆ 6 ಡಿಗ್ರಿ. ನಾನು ಶುರುವಿನ ದಿನಗಳಲ್ಲಿ ನನ್ನದೇ ಕಾರಲ್ಲಿ ಹಲ್ಲು ಎಣಿಸೋವಾಗ ಒಂದು ತಪ್ಪಿದೆ. ಇಸಿಯು 14 ಅಂತು, ಇಂಜಿನ್ನಿಗೆ ಹೋಗಿದ್ದು 20. ಐಡಲ್ ಚೆನ್ನಾಗಿತ್ತು, ಆಕ್ಸಿಲರೇಟರ್ ಮುಟ್ಟಿದ್ರೆ ಮೊದಲಿಗಿಂತ ಚುರುಕಾಗಿತ್ತು, ನಾನು ಟ್ಯೂನ್ ಚೆನ್ನಾಗಿ ಬಂದಿದೆ ಅಂದ್ಕೊಂಡೆ. ಎರಡು ವಾರ ಆದ ಮೇಲೆ ಬೂಸ್ಟಲ್ಲಿ ಒಂದು ಕಡೆ ಟಕ್ ಅಂತು, ಆಮೇಲೆ ಡಿಪ್‌ಸ್ಟಿಕ್ ಕೊಳವೆಯಿಂದ ಹೊಗೆ ಬರೋಕೆ ಶುರು ಆಯ್ತು. ಪ್ಲಗ್ ಬಿಚ್ಚಿ ನೋಡಿದ್ರೆ ಮೂರನೇ ಸಿಲಿಂಡರಿನ ಪ್ಲಗ್ಗಿನ ಬಿಳೀ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಕರೀ ಚುಕ್ಕೆ, ಅವುಗಳ ಮಧ್ಯ ಸಾಸಿವೆಗಿಂತ ಸಣ್ಣ ಹೊಳೆಯೋ ಗುಂಡು, ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಹೆಡ್ ಎತ್ತಿದಾಗ ರಿಂಗ್ ಕೂರೋ ಅಂಚು ಒಡೆದು ಅರ್ಧ ಇಂಚಿನ ಚೂರು ಕಿತ್ತು ಬಂದಿತ್ತು. ಐದು ನಿಮಿಷ ಟೈಮಿಂಗ್ ಲೈಟ್ ಹಿಡಿದಿದ್ರೆ ಅದು ಉಳೀತಿತ್ತು.

ಮಾಡೋ ವಿಧಾನ ಹೇಳ್ತೀನಿ. ಸಾಫ್ಟ್‌ವೇರಲ್ಲಿ ಫಿಕ್ಸ್ಡ್ ಟೈಮಿಂಗ್ ಅಂತ ಇರತ್ತೆ, ಅದನ್ನ 10 ಡಿಗ್ರಿಗೆ ಲಾಕ್ ಮಾಡಿ. ಕ್ರ್ಯಾಂಕ್ ಪುಲ್ಲಿ ಮೇಲಿನ ಗುರುತು ಒರೆಸಿ ಬಿಳೀ ಪೈಂಟ್ ಹಚ್ಚಿ. ಆದ್ರೆ ಆ ಗುರುತನ್ನೂ ಕಣ್ಣುಮುಚ್ಚಿ ನಂಬ್ಬೇಡಿ, ಹಳೇ ಪುಲ್ಲಿಗಳಲ್ಲಿ ಒಳಗಿನ ರಬ್ಬರ್ ಸಡಿಲ ಆಗಿ ಹೊರಗಿನ ಉಂಗುರ ಜಾರಿರತ್ತೆ, ಪ್ಲಗ್ ತೂತಿನಿಂದ ಪಿಸ್ಟನ್ ಸ್ಟಾಪ್ ಹಾಕಿ ಇಂಜಿನ್ನನ್ನ ಕೈಯಲ್ಲಿ ಎರಡೂ ಕಡೆ ತಿರುಗಿಸಿ, ಎಲ್ಲಿ ಎಲ್ಲಿ ತಡೀತು ಅಂತ ಗುರುತು ಹಾಕಿ, ಅವೆರಡರ ನಡುಮಧ್ಯವೇ ನಿಜವಾದ ಟಿಡಿಸಿ. ಈಗ ಸ್ಟಾರ್ಟ್ ಮಾಡಿ ಲೈಟ್ ಹಿಡೀರಿ, ಗುರುತು 10ರಲ್ಲಿ ಕಾಣೋವರೆಗೂ ಟ್ರಿಗರ್ ಆಂಗಲ್ ಸರಿ ಮಾಡಿ. ಅಲ್ಲಿಗೆ ನಿಲ್ಲಿಸ್ಬೇಡಿ, 4000 ಆರ್‌ಪಿಎಂವರೆಗೂ ಏರಿಸಿ ನೋಡಿ, ಗುರುತು ಕದಲಬಾರದು. ಕದಲ್ತಿದ್ರೆ ಮೇಲಿನ ಉತ್ತರದಲ್ಲಿ ಹೇಳಿದ ಹಾಗೆ ಸೆನ್ಸರ್ ವೈರು ಅದಲು ಬದಲು ಆಗಿದೆ ಅಥವಾ ಸಾಫ್ಟ್‌ವೇರಲ್ಲಿ ಎಡ್ಜ್ ತಪ್ಪು ಆರಿಸಿದೀರಿ. ಇನ್ನೊಂದು, ಎರಡು ಸಿಲಿಂಡರಿಗೆ ಒಂದೇ ಕಾಯಿಲ್ ಇರೋ ವೇಸ್ಟೆಡ್ ಸ್ಪಾರ್ಕ್ ಇಂಜಿನ್ನಲ್ಲಿ ಡಯಲ್ ಇರೋ ಟೈಮಿಂಗ್ ಲೈಟ್ ದುಪ್ಪಟ್ಟು ತೋರಿಸಬಹುದು, ಡಯಲನ್ನ ಸೊನ್ನೆಗಿಟ್ಟು ಪುಲ್ಲಿ ಮೇಲಿನ ಗುರುತನ್ನೇ ಓದಿ. ಎಲ್ಲಾ ಆದ ಮೇಲೆ ಫಿಕ್ಸ್ಡ್ ಟೈಮಿಂಗ್ ತೆಗೆಯೋದು ಮರೀಬೇಡಿ.

ಪ್ರಶ್ನೆ: ಬೂಸ್ಟಲ್ಲಿ ಮ್ಯಾಪ್ (ಮ್ಯಾನಿಫೋಲ್ಡ್ ಒತ್ತಡ) 190 ಕಿಲೋಪಾಸ್ಕಲ್ ದಾಟಿದ ತಕ್ಷಣ ವೈಡ್‌ಬ್ಯಾಂಡ್ ಸೆನ್ಸರಲ್ಲಿ ಎಎಫ್‌ಆರ್ (ಗಾಳಿ-ಪೆಟ್ರೋಲ್ ತೂಕದ ಅನುಪಾತ) 15, 16 ಬರತ್ತೆ, ಲೀನ್ (ಪೆಟ್ರೋಲ್ ಕಮ್ಮಿ) ಅಂತ ವಿಇ ಟೇಬಲ್ಲಲ್ಲಿ (ಪೆಟ್ರೋಲ್ ಎಷ್ಟು ಅಂತ ತೀರ್ಮಾನಿಸೋ ಟೇಬಲ್) ಪೆಟ್ರೋಲ್ ಜಾಸ್ತಿ ಮಾಡಿದೆ, ಇನ್ನೂ ಲೀನ್ ಆಯ್ತು. ಮತ್ತೆ ಜಾಸ್ತಿ ಮಾಡಿದೆ, ಮತ್ತೂ ಲೀನ್. ಸೆನ್ಸರ್ ಹೋಗಿದ್ಯಾ ಸರ್?

ಉತ್ತರ: ಸೆನ್ಸರ್ ಚೆನ್ನಾಗಿದೆ, ಕೇಳಿದ್ದಕ್ಕೆ ಸರಿಯಾಗೇ ಉತ್ತರ ಕೊಡ್ತಿದೆ. ವೈಡ್‌ಬ್ಯಾಂಡ್ ಪೆಟ್ರೋಲ್ ಅಳೆಯಲ್ಲ, ಸೈಲೆನ್ಸರ್ ಪೈಪಲ್ಲಿ ಉಳಿದಿರೋ ಆಮ್ಲಜನಕ ಅಳೆಯತ್ತೆ. ಒಂದು ಸಿಲಿಂಡರಲ್ಲಿ ಕಿಡಿ ಹತ್ಲಿಲ್ಲ ಅಂದ್ಕೊಳ್ಳಿ, ಆ ಸಿಲಿಂಡರಿನ ಪೂರ್ತಿ ಗಾಳಿ ಉರೀದೇ ಹಾಗೇ ಹೊರಗೆ ಬರತ್ತೆ, ಸೆನ್ಸರಿಗೆ ಆಮ್ಲಜನಕ ರಾಶಿ ರಾಶಿ ಕಾಣತ್ತೆ, ಲೀನ್ ಅಂತ ಹೇಳತ್ತೆ. ನೀವು ಪೆಟ್ರೋಲ್ ಏರಿಸಿದ್ರಿ, ಮಿಶ್ರಣ ಇನ್ನೂ ಒದ್ದೆ ಆಯ್ತು, ಇನ್ನೊಂದು ಸಿಲಿಂಡರಲ್ಲೂ ಕಿಡಿ ತಪ್ತು, ಇನ್ನೂ ಲೀನ್ ತೋರಿಸ್ತು. ಪೆಟ್ರೋಲ್ ಏರಿಸಿದಷ್ಟೂ ಲೀನ್ ಆಗ್ತಿದೆ ಅಂದ್ರೆ ಅದು ಕಿಡಿ ತೊಂದರೆ. ಲಾಗಲ್ಲಿ ಎಎಫ್‌ಆರ್ ಗೆರೆ ಗರಗಸದ ಹಲ್ಲಿನ ಹಾಗೆ ಕಾಣ್ತಿದೆ, ಅದೂ ಇದನ್ನೇ ಹೇಳತ್ತೆ.

ಬೂಸ್ಟಲ್ಲಿ ಪ್ಲಗ್ಗಿನ ಸುತ್ತ ಒತ್ತಡ ಜಾಸ್ತಿ, ಅಷ್ಟು ಒತ್ತಡದಲ್ಲಿ ಕಿಡಿ ಹಾರೋಕೆ ಜಾಸ್ತಿ ವೋಲ್ಟೇಜ್ ಬೇಕು. ಪ್ಲಗ್ ಗ್ಯಾಪನ್ನ 0.6ರಿಂದ 0.7 ಮಿಲಿಮೀಟರಿಗೆ ಇಳಿಸಿ, ಕಾಯಿಲ್‌ನ ಡ್ವೆಲ್ ಟೈಮ್ (ಕಾಯಿಲ್ ತುಂಬೋ ಹೊತ್ತು) ನಿಮ್ಮ ಕಾಯಿಲಿಗೆ ಹೇಳಿದಷ್ಟೇ ಇದೆಯಾ ನೋಡಿ, ಕಾಯಿಲಿಗೆ ಪೂರ್ತಿ ಬ್ಯಾಟರಿ ವೋಲ್ಟೇಜ್ ತಲುಪ್ತಿದೆಯಾ ನೋಡಿ. ಇದೆಲ್ಲಾ ಮಾಡೋಕೂ ಮುಂಚೆ ಪೆಟ್ರೋಲ್ ಪ್ರೆಷರ್ ಒಂದ್ಸಲ ಗೇಜ್ ಹಾಕಿ ನೋಡ್ಬಿಡಿ, ಬೇಸ್ 3 ಬಾರ್ ಇದ್ರೆ 1 ಬಾರ್ ಬೂಸ್ಟಲ್ಲಿ ಅದು 4 ಆಗ್ಬೇಕು. ರೆಗ್ಯುಲೇಟರಿಗೆ ಮ್ಯಾನಿಫೋಲ್ಡ್ ಹೋಸ್ ಕೊಡದೇ ಬಿಟ್ಟಿದ್ರೆ ಅಥವಾ ಪಂಪು ಸೋತಿದ್ರೆ ಪ್ರೆಷರ್ ಏರಲ್ಲ, ಆಗ ನಿಜವಾಗ್ಲೂ ಲೀನ್ ಆಗತ್ತೆ, ಅದು ಅಪಾಯದ ಲೀನ್. ಎರಡರಲ್ಲಿ ಯಾವುದು ಅಂತ ಗೊತ್ತಾಗೋವರೆಗೂ ಬೂಸ್ಟಿಗೆ ಹೋಗ್ಬೇಡಿ.

ಕಿಡಿ ಸರಿಯಾದ ಮೇಲೆ ವಿಇ ಟೇಬಲ್ ವಾಪಸ್ ಹಳೇ ನಂಬರಿಗೆ ತಂದು ಮತ್ತೆ ಶುರು ಮಾಡಿ. ಲೆಕ್ಕ ಸುಲಭ: ಈಗಿರೋ ನಂಬರನ್ನ ಅಳೆದ ಎಎಫ್‌ಆರಿಂದ ಗುಣಿಸಿ ಬೇಕಾದ ಎಎಫ್‌ಆರಿಂದ ಭಾಗಿಸಿ. ಸೆಲ್ಲಲ್ಲಿ 60 ಇದೆ, ಅಳೆದದ್ದು 13.2, ಬೇಕಾದದ್ದು 12, ಹೊಸ ನಂಬರ್ 66. ಬೂಸ್ಟಲ್ಲಿ ಪೆಟ್ರೋಲಿಗೆ 11.5ರಿಂದ 12 ಶುರುವಿಗೆ ಒಳ್ಳೇ ಜಾಗ. ಎಥನಾಲ್ ಬೆರೆತ ಇಂಧನ ಹಾಕೋರು ಎಎಫ್‌ಆರ್ ಬಿಟ್ಟು ಲ್ಯಾಂಬ್ಡಾದಲ್ಲೇ (ಪೂರ್ತಿ ಉರಿಯೋಕೆ ಬೇಕಾದ ಗಾಳಿಗೆ ಹೋಲಿಸಿದ್ರೆ ಇರೋ ಗಾಳಿ ಎಷ್ಟು ಅನ್ನೋ ಲೆಕ್ಕ) ಯೋಚಿಸೋದು ಕಲೀರಿ, ಯಾಕಂದ್ರೆ ಶುದ್ಧ ಪೆಟ್ರೋಲಿಗೆ ಲ್ಯಾಂಬ್ಡಾ 1 ಅಂದ್ರೆ 14.7, ಶುದ್ಧ ಎಥನಾಲಿಗೆ ಅದು ಸುಮಾರು 9. ಬೂಸ್ಟಲ್ಲಿ 0.8 ಲ್ಯಾಂಬ್ಡಾ ಅಂದ್ರೆ ಯಾವ ಇಂಧನಕ್ಕಾದ್ರೂ ಒಂದೇ ಅರ್ಥ. ಆಟೋಟ್ಯೂನ್ ಆರಾಮಾಗಿ ಓಡಿಸೋ ಜಾಗಕ್ಕೆ ಬಳಸಿ, ಬೂಸ್ಟ್ ಜಾಗದಲ್ಲಿ ಆಫ್ ಇಡಿ, ಅಲ್ಲಿ ಲಾಗ್ ನೋಡಿ ಕೈಯಲ್ಲೇ ತಿದ್ದಿ. ಮತ್ತೆ ದಯವಿಟ್ಟು ಓಡಿಸ್ತಾ ಲ್ಯಾಪ್‌ಟಾಪ್ ನೋಡ್ಬೇಡಿ, ಡೈನೋ (ನಿಂತಲ್ಲೇ ಗಾಡಿ ಓಡಿಸಿ ಶಕ್ತಿ ಅಳೆಯೋ ಯಂತ್ರ) ಮೇಲೆ ಮಾಡಿ, ಇಲ್ಲಾಂದ್ರೆ ಲಾಗ್ ಹಾಕ್ಕೊಂಡು ಗಾಡಿ ನಿಲ್ಲಿಸಿದ ಮೇಲೆ ನೋಡಿ.

ವೈಡ್‌ಬ್ಯಾಂಡನ್ನ ಟರ್ಬೊ ಆದ ಮೇಲೆ ಕೂರಿಸಿ, ಅಡ್ಡಡ್ಡ ಮಲಗಿಸ್ಬೇಡಿ, ತುದಿ ಕೆಳಗೆ ನೋಡೋ ಹಾಗೆ ಓರೆಯಾಗಿರ್ಲಿ, ನೀರಿನ ಹನಿ ನಿಂತ್ರೆ ಬಿಸಿ ಪಿಂಗಾಣಿ ಸೀಳತ್ತೆ. ಕರೆಂಟ್ ಕೊಡದೇ ಸುಮ್ನೆ ಪೈಪಲ್ಲಿ ಬಿಟ್ಟು ಓಡಿಸಿದ್ರೂ ಹಾಳಾಗತ್ತೆ.

ಪ್ರಶ್ನೆ: ಐಡಲಲ್ಲಿ ಎಎಫ್‌ಆರ್ 14ರಲ್ಲಿ ಗಟ್ಟಿಯಾಗಿ ನಿಲ್ಲತ್ತೆ, ರೇಡಿಯೇಟರ್ ಫ್ಯಾನ್ ಆನ್ ಆದ ತಕ್ಷಣ 15.5ಕ್ಕೆ ಹೋಗಿ ಇಂಜಿನ್ ನಡುಗತ್ತೆ. ಫ್ಯಾನಿಗೂ ಪೆಟ್ರೋಲಿಗೂ ಏನು ಸಂಬಂಧ?

ಉತ್ತರ: ಸಂಬಂಧ ವೋಲ್ಟೇಜಲ್ಲಿದೆ. ಇಂಜೆಕ್ಟರಿಗೆ ಇಸಿಯು ತೆರೆ ಅಂದ ಕೂಡ್ಲೇ ಅದು ತೆರೆಯಲ್ಲ, ಒಳಗಿನ ಸುರುಳಿ ತುಂಬಿ ಸೂಜಿ ಎತ್ತೋಕೆ ಹೊತ್ತು ಹಿಡಿಯತ್ತೆ, ಇದಕ್ಕೆ ಡೆಡ್ ಟೈಮ್ ಅಂತಾರೆ. 14 ವೋಲ್ಟಲ್ಲಿ ಸುಮಾರು ಒಂದು ಮಿಲಿಸೆಕೆಂಡ್ ಅಂತಿಟ್ಕೊಳ್ಳಿ, ವೋಲ್ಟೇಜ್ ಇಳಿದ್ರೆ ಅದು ಉದ್ದ ಆಗತ್ತೆ. ಐಡಲಲ್ಲಿ ಒಟ್ಟು ಪಲ್ಸ್ ಎರಡು ಎರಡೂವರೆ ಮಿಲಿಸೆಕೆಂಡ್ ಮಾತ್ರ, ಅದ್ರಲ್ಲಿ ಹತ್ತಿರ ಹತ್ತಿರ ಅರ್ಧ ತೆರೆಯೋಕೇ ಹೋಗತ್ತೆ. ಫ್ಯಾನ್ ಎಳೆದು ವೋಲ್ಟೇಜ್ 14ರಿಂದ 12.8ಕ್ಕೆ ಬಿದ್ದಾಗ ಡೆಡ್ ಟೈಮ್ 0.15 ಮಿಲಿಸೆಕೆಂಡ್ ಏರಿದ್ರೂ ಸಾಕು, ಪೆಟ್ರೋಲ್ ಹೋಗೋ ನಿಜವಾದ ಹೊತ್ತಲ್ಲಿ ಅದು 10 ಪರ್ಸೆಂಟ್. ನಿಮ್ಮ ಇಂಜೆಕ್ಟರಿನ ಡೆಡ್ ಟೈಮ್ ಟೇಬಲ್ ತಯಾರಿಸಿದವರ ಹತ್ರಾನೇ ತಗೊಂಡು, ನಿಮ್ಮ ಪೆಟ್ರೋಲ್ ಪ್ರೆಷರಿಗೆ ಹೊಂದೋದನ್ನ ತುಂಬಿಸಿ. ಆಮೇಲೆ ಹೆಡ್‌ಲೈಟ್, ಫ್ಯಾನ್, ಬ್ಲೋವರ್ ಎಲ್ಲಾ ಹಾಕಿ ತೆಗೆದು ಎಎಫ್‌ಆರ್ ಕದಲತ್ತಾ ನೋಡಿ. ಇದನ್ನ ವಿಇ ಟೇಬಲ್ಲಲ್ಲಿ ಸರಿ ಮಾಡೋಕೆ ಹೋದ್ರೆ ಫ್ಯಾನ್ ಆಫ್ ಇದ್ದಾಗ ರಿಚ್ (ಪೆಟ್ರೋಲ್ ಜಾಸ್ತಿ) ಆಗತ್ತೆ, ಅಷ್ಟೇ.

ಪ್ರಶ್ನೆ: ಏರ್‌ಫ್ಲೋ ಮೀಟರ್ ಕಿತ್ತು ಹಾಕಿ ಬರೀ ಮ್ಯಾಪ್ ಸೆನ್ಸರ್ ಮೇಲೆ ಓಡಿಸ್ತಿದೀನಿ. ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಐದು ನಿಮಿಷ ಇಂಜಿನ್ ಮೊಂಡಾಟ ಮಾಡತ್ತೆ, ಆಮೇಲೆ ತಾನೇ ಸರಿ ಹೋಗತ್ತೆ. ಈ ವಿಧಾನವೇ ತಪ್ಪಾ?

ಉತ್ತರ: ವಿಧಾನ ಗಟ್ಟಿಯಾದದ್ದೇ. ಬಾಷ್ ಕಂಪನಿ 1967ರಲ್ಲಿ ಫೋಕ್ಸ್‌ವ್ಯಾಗನ್ 1600ಗೆ ಕೊಟ್ಟ ಡಿ-ಜೆಟ್ರಾನಿಕ್ ಕೂಡ ಮ್ಯಾನಿಫೋಲ್ಡ್ ಒತ್ತಡ ನೋಡೇ ಪೆಟ್ರೋಲ್ ಹಾಕ್ತಿತ್ತು, ಅದ್ರ ಹೆಸರಿನ ಡಿ ಅಕ್ಷರ ಒತ್ತಡ ಅನ್ನೋ ಜರ್ಮನ್ ಪದದ್ದು. ಒತ್ತಡ ಮತ್ತೆ ಉಷ್ಣಾಂಶ ಗೊತ್ತಿದ್ರೆ ಗಾಳಿ ಎಷ್ಟು ತೂಕ ಇದೆ ಅಂತ ಲೆಕ್ಕ ಹಾಕಬಹುದು, ಸ್ಕೂಲಲ್ಲಿ ಓದಿದ ಅನಿಲದ ನಿಯಮವೇ. ನಿಮ್ಮಲ್ಲಿ ಉಷ್ಣಾಂಶ ಸುಳ್ಳು ಬರ್ತಿದೆ. ನಿಂತ ಗಾಡಿಯಲ್ಲಿ ಮ್ಯಾನಿಫೋಲ್ಡ್ ಕಾದು ಅದಕ್ಕೆ ಅಂಟಿಕೊಂಡಿರೋ ಗಾಳಿ ಸೆನ್ಸರೂ ಕಾಯತ್ತೆ. ಸೆನ್ಸರ್ 70 ಡಿಗ್ರಿ ಅನ್ನತ್ತೆ, ಒಳಗೆ ಬರ್ತಿರೋ ಗಾಳಿ ನಿಜಕ್ಕೂ 40. ಕೆಲ್ವಿನ್ನಲ್ಲಿ 343 ಮತ್ತೆ 313, ಇಸಿಯು 9 ಪರ್ಸೆಂಟ್ ಪೆಟ್ರೋಲ್ ಕಮ್ಮಿ ಹಾಕತ್ತೆ. ಸೆನ್ಸರನ್ನ ಇಂಟರ್‌ಕೂಲರ್ ಆದ ಮೇಲೆ, ಥ್ರಾಟಲ್‌ಗಿಂತ ಮುಂಚೆ, ಬಿಸಿ ಹಿಡಿಯದ ಪ್ಲಾಸ್ಟಿಕ್ ಅಥವಾ ರಬ್ಬರ್ ಪೈಪಲ್ಲಿ ಕೂರಿಸಿ, ತುದಿ ತೆರೆದಿರೋ ಟೈಪಿಂದು ಹಾಕಿ. ಹಿತ್ತಾಳೆ ಟೋಪಿ ಮುಚ್ಚಿರೋದು ನೀರಿಗೆ ಸರಿ, ಗಾಳಿಗೆ ತುಂಬಾ ನಿಧಾನ.

ಪ್ರಶ್ನೆ: ನಾಳೆ ಮೊದಲ ಸಲ 1 ಬಾರ್ ಬೂಸ್ಟಿಗೆ ಹೋಗ್ಬೇಕು ಅಂತಿದೀನಿ. ಟೈಮಿಂಗ್ ಎಷ್ಟು ಡಿಗ್ರಿ ಇಡ್ಲಿ? ನಾಕ್ ಸೆನ್ಸರ್ ಇಲ್ಲ, ಮ್ಯಾಪ್ ಸೆನ್ಸರ್ 250 ಕಿಲೋಪಾಸ್ಕಲಿಂದು.

ಉತ್ತರ: ಡಿಗ್ರಿ ನಾನು ಹೇಳಲ್ಲ, ಹೇಳಿದ್ರೆ ನಿಮಗೆ ಮೋಸ ಮಾಡಿದ ಹಾಗೆ. ಕಂಪ್ರೆಷನ್ ಎಷ್ಟು, ಪೆಟ್ರೋಲಿನ ಆಕ್ಟೇನ್ ಎಷ್ಟು, ಚೇಂಬರ್ ಆಕಾರ ಹೇಗಿದೆ, ಇಂಟರ್‌ಕೂಲರಿಂದ ಎಷ್ಟು ಬಿಸಿ ಗಾಳಿ ಬರ್ತಿದೆ, ಇವೆಲ್ಲಾ ಸೇರಿ ಆ ನಂಬರ್ ತೀರ್ಮಾನ ಆಗೋದು. ದಾರಿ ಹೇಳ್ತೀನಿ.

ನಾಳೆ 1 ಬಾರ್ ಬೇಡ. ಬೂಸ್ಟ್ ಸೊಲೆನಾಯ್ಡ್ ಬಿಚ್ಚಿಟ್ಟು ಹೋಸನ್ನ ನೇರವಾಗಿ ವೇಸ್ಟ್‌ಗೇಟಿಗೆ (ಎಕ್ಸಾಸ್ಟನ್ನ ಟರ್ಬೈನ್ ಪಕ್ಕದಿಂದ ಬಿಟ್ಟು ಬೂಸ್ಟ್ ತಡೆಯೋ ಬಾಗಿಲು) ಕೊಡಿ, ಸ್ಪ್ರಿಂಗ್ ಬಿಡೋಷ್ಟೇ ಬೂಸ್ಟ್ ಬರತ್ತೆ, ಮೊದಲು ಅಲ್ಲೇ ಟ್ಯೂನ್ ಮಾಡಿ. ಪ್ರತಿ ಒಂದು ಪಿಎಸ್‌ಐ ಬೂಸ್ಟಿಗೆ ಒಂದು ಡಿಗ್ರಿ ಟೈಮಿಂಗ್ ಹಿಂದೆ ಅಂತ ಹಳೇ ಲೆಕ್ಕ ಇದೆ, ಟೇಬಲ್ ತುಂಬಿಸೋಕೆ ಅದು ಸಾಕು, ಆದ್ರೆ ಅದೇ ಟ್ಯೂನ್ ಅಲ್ಲ. ಡೈನೋ ಮೇಲೆ ಆ ಲೆಕ್ಕಕ್ಕಿಂತ ಇನ್ನೂ ನಾಲ್ಕೈದು ಡಿಗ್ರಿ ಹಿಂದಿಂದ ಶುರು ಮಾಡಿ ಒಂದೊಂದೇ ಡಿಗ್ರಿ ಕೊಡ್ತಾ ಬನ್ನಿ, ಟಾರ್ಕ್ ಏರೋದು ನಿಂತ ಜಾಗದಲ್ಲಿ ನಿಮ್ಮ ಕೈಯೂ ನಿಲ್ಲಲಿ. ಟರ್ಬೊ ಪೆಟ್ರೋಲಲ್ಲಿ ಹೆಚ್ಚಾಗಿ ಟಾರ್ಕ್ ನಿಲ್ಲೋಕೆ ಮುಂಚೆನೇ ನಾಕ್ ಬರತ್ತೆ, ಅದಕ್ಕೇ ಕಿವಿ ಬೇಕು. ಹಾಗಂತ ತುಂಬಾ ಹಿಂದೆ ಇಟ್ರೂ ಕ್ಷೇಮ ಅಲ್ಲ, ಉರಿ ಸಿಲಿಂಡರಲ್ಲಿ ಮುಗೀದೇ ಎಕ್ಸಾಸ್ಟಿಗೆ ಹೋಗಿ ಟರ್ಬೈನ್ ಕೆಂಡದ ಹಾಗೆ ಕೆಂಪಾಗತ್ತೆ.

ನಾಕ್ ಸೆನ್ಸರ್ ಇಲ್ದೇ ಹೋಗ್ಬೇಡಿ ಅಂತ ಕೈಮುಗಿದು ಕೇಳ್ತೀನಿ. ನಡುವೆ ತೂತಿರೋ ಬಾಷ್ ಟೈಪಿನದನ್ನ ಬ್ಲಾಕಿನ ಬರಿ ಲೋಹಕ್ಕೆ, ವಾಷರ್ ಹಾಕದೇ, 20 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಯಾವ ಫ್ರೀಕ್ವೆನ್ಸಿ ಕೇಳಿಸ್ಕೋಬೇಕು ಅಂತ ಇಸಿಯುಗೆ ಹೇಳೋಕೆ ಒಂದು ಅಂದಾಜಿದೆ, 900ನ್ನ ಪೈ ಮತ್ತೆ ಮಿಲಿಮೀಟರಲ್ಲಿರೋ ಬೋರಿನ ಅರ್ಧದಿಂದ ಭಾಗಿಸಿ. 86 ಮಿಲಿಮೀಟರ್ ಬೋರಿಗೆ ಸುಮಾರು 6.7 ಕಿಲೋಹರ್ಟ್ಸ್. ಜೊತೆಗೆ ಒಂದು ಹಳೇ ಉಪಾಯ, ತಾಮ್ರದ ಕೊಳವೆ ತುದಿ ಚಪ್ಪಟೆ ಮಾಡಿ ತೂತು ಕೊರೆದು ಬ್ಲಾಕಿಗೆ ಬೋಲ್ಟ್ ಮಾಡಿ, ಅದ್ರಿಂದ ರಬ್ಬರ್ ಹೋಸ್ ಎಳೆದು ಇಯರ್‌ಮಫ್ ಒಳಗೆ ತೂರಿಸಿ ಡೈನೋ ಪಕ್ಕ ನಿಂತು ಕೇಳಿ. ಡಬ್ಬದಲ್ಲಿ ಸಣ್ಣ ಕಲ್ಲು ಕುಲುಕಿದ ಹಾಗೆ ಸದ್ದು ಬರತ್ತೆ, ಒಂದ್ಸಲ ಕೇಳಿದ್ರೆ ಜನ್ಮದಲ್ಲಿ ಮರೆಯಲ್ಲ.

ಮ್ಯಾಪ್ ಸೆನ್ಸರ್ ಬಗ್ಗೆ: ಅದು ಹೇಳೋದು ನಿರ್ವಾತದಿಂದ ಎಣಿಸಿದ ಒತ್ತಡ. ಸಮುದ್ರ ಮಟ್ಟದಲ್ಲಿ ಇಂಜಿನ್ ಆಫ್ ಇದ್ದಾಗ ಸುಮಾರು 100 ತೋರಿಸ್ಬೇಕು, ತೋರಿಸ್ದೇ ಇದ್ರೆ ಕ್ಯಾಲಿಬ್ರೇಷನ್ ತಪ್ಪಿದೆ. 1 ಬಾರ್ ಬೂಸ್ಟ್ ಅಂದ್ರೆ ಹೆಚ್ಚುಕಮ್ಮಿ 200. ನಿಮ್ಮ ಸೆನ್ಸರ್ 250ರವರೆಗೂ ನೋಡತ್ತೆ, ಅಂದ್ರೆ ಒಂದೂವರೆ ಬಾರ್. ಹೋಸ್ ಕಳಚಿ ಬೂಸ್ಟ್ ಅದಕ್ಕೂ ಮೇಲೆ ಹೋದ್ರೆ ಇಸಿಯು 250 ಅಂತಲೇ ನೋಡ್ತಾ ಅಷ್ಟಕ್ಕೇ ಪೆಟ್ರೋಲ್ ಹಾಕ್ತಾ ಇರತ್ತೆ. ಅದಕ್ಕೆ ಓವರ್‌ಬೂಸ್ಟ್ ಕಟ್ಟನ್ನ (ಬೂಸ್ಟ್ ಮಿತಿ ದಾಟಿದ್ರೆ ಇಂಜಿನ್ ತಡೆಯೋ ಸೆಟ್ಟಿಂಗ್) ನಿಮ್ಮ ಗುರಿಗಿಂತ 15, 20 ಕಿಲೋಪಾಸ್ಕಲ್ ಮೇಲೆ ಇವತ್ತೇ ಹಾಕಿ, ಮತ್ತೆ ಅದು ಕೆಲಸ ಮಾಡತ್ತಾ ಅಂತ ಕಟ್ಟನ್ನ ಸ್ಪ್ರಿಂಗ್ ಬೂಸ್ಟಿಗಿಂತ ಕೆಳಗೆ ಇಳಿಸಿ ಒಂದು ಸಲ ನೋಡಿ. ಪ್ರತಿ ಓಟ ಆದ ಮೇಲೆ ಪ್ಲಗ್ ಬಿಚ್ಚಿ ಭೂತಗನ್ನಡಿ ಹಿಡಿದು ಆ ಕರೀ ಚುಕ್ಕೆ ಇದೆಯಾ ಹುಡುಕಿ.

ಪ್ರಶ್ನೆ: ಬೆಳಿಗ್ಗೆ ತಣ್ಣಗಿದ್ದಾಗ ಹತ್ತು ಸಲ ಸೆಲ್ಫ್ ಹೊಡೆದ್ರೂ ಸ್ಟಾರ್ಟ್ ಆಗಲ್ಲ, ಬಿಸಿ ಇದ್ದಾಗ ಒಂದೇ ಸಲಕ್ಕೆ ಆಗತ್ತೆ.

ಉತ್ತರ: ಕೂಲೆಂಟ್ ಸೆನ್ಸರ್ ಎಷ್ಟು ತೋರಿಸತ್ತೆ ಅಂತ ಬೆಳಿಗ್ಗೆ ಇಗ್ನಿಷನ್ ಆನ್ ಮಾಡಿ ನೋಡಿ, ರಾತ್ರಿಯಿಡೀ ನಿಂತ ಕಾರಲ್ಲಿ ಕೂಲೆಂಟ್, ಗಾಳಿ ಎರಡೂ ಸೆನ್ಸರ್ ಹೆಚ್ಚುಕಮ್ಮಿ ಒಂದೇ ನಂಬರ್ ಹೇಳ್ಬೇಕು. ಹೇಳ್ತಿದ್ರೆ ಕ್ರ್ಯಾಂಕಿಂಗ್ ಪಲ್ಸನ್ನ (ಸೆಲ್ಫ್ ಹೊಡೆಯೋವಾಗ ಹಾಕೋ ಪೆಟ್ರೋಲ್) ಆ ಉಷ್ಣಾಂಶದ ಸೆಲ್ಲಲ್ಲಿ ಮಾತ್ರ 10 ಪರ್ಸೆಂಟ್ ಏರಿಸಿ. ಸ್ಟಾರ್ಟ್ ಆಗಿ ತಕ್ಷಣ ಸತ್ತೋದ್ರೆ ಆಫ್ಟರ್‌ಸ್ಟಾರ್ಟ್ ಏರಿಸಿ, ಅರ್ಧ ನಿಮಿಷ ಬಿಟ್ಟು ಸತ್ತೋದ್ರೆ ವಾರ್ಮ್‌ಅಪ್. ತಣ್ಣಗಿನ ಇಂಜಿನ್ ದಿನಕ್ಕೆ ಒಂದೇ ಸಲ ಸಿಗೋದು, ಹತ್ತು ಸಲ ಸೆಲ್ಫ್ ಹೊಡೆದು ಪ್ಲಗ್ ಒದ್ದೆ ಮಾಡಿದ್ರೆ ಆ ದಿನದ ಪಾಠ ಹೋಯ್ತು. ಒಂದು ನೋಟ್‌ಬುಕ್ಕಲ್ಲಿ ತಾರೀಖು, ಉಷ್ಣಾಂಶ, ಬದಲಾಯಿಸಿದ ಒಂದೇ ಒಂದು ನಂಬರ್, ಎಷ್ಟನೇ ಸುತ್ತಿಗೆ ಹತ್ತಿತು ಅಂತ ಬರೀತಾ ಹೋಗಿ, ಎರಡು ವಾರದಲ್ಲಿ ಕೀ ತಿರುಗಿಸಿದ ಕೂಡ್ಲೇ ಹತ್ತತ್ತೆ.